ವಿಕ್ಟರ್ ಇಲ್ಲದೆ ಮೀಟಿಂಗ್ ಶುರುವಾಗುವುದಿಲ್ಲ

ಅಬುಧಾಬಿಯಿಂದ ದುಬೈವರೆಗಿನ ಕನ್ನಡದ ಮನೆಗಳಲ್ಲಿ ನಾನು ಹೊಕ್ಕಿರದ ಅಡುಗೆಮನೆ ಇಲ್ಲ, ನನ್ನ ಕಿವಿಗೆ ಬೀಳದ ಸುದ್ದಿ ಇಲ್ಲ, ನನ್ನ ಕೈಯ ಬಂಗುಡೆ ಸಾರು ಉಂಡು ಕಣ್ಣೀರು ಹಾಕದ ಗಂಡಸೂ ಇಲ್ಲ. ಇದರಲ್ಲಿ ಅರ್ಧ ಸುಳ್ಳು ಎಂದು ನಾನೇ ಹೇಳಿಬಿಡುತ್ತೇನೆ, ಹುಡುಕುವ ಕಷ್ಟ ನಿಮಗೆ ಬೇಡ. ಯಾವ ಅರ್ಧ ಎಂದು ಮಾತ್ರ ಕೇಳಬೇಡಿ. ನಮ್ಮ ಮನೆಯವರು ಬದುಕಿದ್ದಾಗ ಹೇಳುತ್ತಿದ್ದರು, ಇವಳ ಮಾತಿನಲ್ಲಿ ಅರ್ಧ ಸೋಸಿ ಚೆಲ್ಲಿದರೂ ಉಳಿದದ್ದರಲ್ಲಿ ಒಂದು ಊರಿಗೆ ಊಟ ಹಾಕಬಹುದು ಎಂದು. ಹಾಗಾಗಿ ಬಡಾಯಿಯ ವಿಷಯದಲ್ಲಿ ನನ್ನ ತೀರ್ಪನ್ನು ನಂಬಬಹುದು. ವಿಕ್ಟರ್ ಕೊಚ್ಚಿಕೊಂಡದ್ದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಪಾಪ, ಅದೇ ಅವನಿಗೆ ಮುಳುವಾದದ್ದು.

ಈ ವಿಕ್ಟರ್ ಮಂಗಳೂರು ಕಡೆಯವನು. ಹುಟ್ಟುವಾಗಲೇ ಸೂಲಗಿತ್ತಿಗೆ ಕ್ಷಮೆ ಕೇಳಿ ಹುಟ್ಟಿದವನ ಹಾಗಿನ ಸ್ವಭಾವ. ಲಿಫ್ಟಿನ ಬಾಗಿಲು ಮುಚ್ಚಿಕೊಂಡರೆ ಬಾಗಿಲಿಗೇ ಸಾರಿ ಹೇಳುತ್ತಾನೆ. ಅಬುಧಾಬಿಯ ಹೊರವಲಯದ ಮುಸಫ್ಫಾದಲ್ಲಿ ಎರಡು ಕೋಣೆಯ ಮನೆ, ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಹೆಂಡತಿ ಕ್ಯಾರೊಲಿನ್, ಹನ್ನೆರಡನೇ ಕ್ಲಾಸಿನಲ್ಲಿ ಓದುವ ಮಗಳು ಫಿಯೋನಾ. ಕೆಲಸ ಅಬುಧಾಬಿ ಪೇಟೆಯ ಒಂದು ಗಾಜಿನ ಕಟ್ಟಡದಲ್ಲಿ. ಅದೊಂದು ಸರಕಾರಿ ಬ್ಯಾಂಕು. ಅದರ ಪೂರ್ತಿ ಹೆಸರು ಹೇಳಿ ಮುಗಿಸುವಷ್ಟರಲ್ಲಿ ನನ್ನ ಚಹಾ ಆರುತ್ತದೆ, ಆದ್ದರಿಂದ ನಾವೆಲ್ಲ ಸೇತುವೆ ಬ್ಯಾಂಕು ಎನ್ನುತ್ತೇವೆ. ನಿಮ್ಮ ನಮ್ಮ ಹಾಗಿನವರಿಗೆ ಅಲ್ಲಿ ಖಾತೆ ಇಲ್ಲ. ದೊಡ್ಡ ದೊಡ್ಡ ಸೇತುವೆ, ರಸ್ತೆ, ನೀರಿನ ಪೈಪು, ಕರೆಂಟು, ಇವಕ್ಕೆ ಸಾಲ ಕೊಡುವುದು ಅದರ ಕಸುಬು.

ಅಲ್ಲಿ ವಿಕ್ಟರನ ಕಸುಬು ಮೀಟಿಂಗಿನ ಕೋಣೆ. ಕುರ್ಚಿಗಳನ್ನು ಸಾಲಾಗಿ ಇಡುವುದು, ನೀರಿನ ಬಾಟಲಿಗಳ ಚೀಟಿ ಎಲ್ಲ ಒಂದೇ ಕಡೆ ಮುಖ ಮಾಡುವಂತೆ ತಿರುಗಿಸುವುದು, ಸಾಲದ ಕಾಗದಗಳನ್ನು ಒಬ್ಬೊಬ್ಬರ ಮುಂದೆ ಹಂಚುವುದು, ಕೊನೆಗೆ ಮೇಜಿನ ಕೆಳಗೆ ಬಗ್ಗಿ ಒಂದು ಬಟನ್ ಒತ್ತಿ ಮೈಕುಗಳಿಗೆ ಜೀವ ಕೊಡುವುದು. ಆ ಬಟನ್ ಮಹಾ ಹಟಮಾರಿ. ಬೇರೆ ಯಾರು ಒತ್ತಿದರೂ ಕರ್ ಎಂದು ಸತ್ತುಹೋಗುತ್ತದೆ. ವಿಕ್ಟರ್ ಅದನ್ನು ಒತ್ತಿ ಹಿಡಿದು, ಮೆಲ್ಲಗೆ ಎಡಕ್ಕೆ ನೂಕಿ, ಒಳಗೊಳಗೇ ಅದಕ್ಕೂ ಸಾರಿ ಹೇಳಿ ಬಿಟ್ಟರೆ ಮಾತ್ರ ಹಸಿರು ದೀಪ ಹತ್ತುತ್ತದೆ.

ಹಸಿರು ದೀಪ ಹತ್ತಿದ ಕೂಡಲೇ ಮೊದಲು ಮಾತಾಡುವವಳು ಫರ್ಝಾನ. ಬ್ಯಾಂಕಿನ ಕಾನೂನು ಅಧಿಕಾರಿ. ಸಣ್ಣ ಗಾತ್ರದ ಹೆಂಗಸು, ಆದರೆ ಅವಳು ತಲೆ ಅಲ್ಲಾಡಿಸಿದರೆ ಆಫ್ರಿಕಾದಲ್ಲಿ ಒಂದು ಹೆದ್ದಾರಿ ನಿಂತುಹೋಗುತ್ತದಂತೆ. ಪ್ರತಿ ಮೀಟಿಂಗಿನಲ್ಲೂ ಅವಳು ಇಂಗ್ಲಿಷಿನಲ್ಲಿ ಒಂದೇ ಪಾಠ ಒಪ್ಪಿಸುತ್ತಾಳೆ. ಇದು ಜನರ ದುಡ್ಡು. ಕಾನೂನಿನಲ್ಲಿ ಹೆಸರಿರುವ ಕೆಲಸಕ್ಕೆ ಕೊಡಬಹುದು, ಹೆಸರಿಲ್ಲದ್ದಕ್ಕೆ ಒಂದು ಮೊಳೆಯನ್ನೂ ಕೊಡುವಂತಿಲ್ಲ. ಎಲ್ಲರ ಉಪಯೋಗಕ್ಕೆ ಬರಬೇಕು, ಬಾಳಿಕೆ ಬರಬೇಕು. ಉತ್ಸವಕ್ಕಿಲ್ಲ, ಊಟಕ್ಕಿಲ್ಲ, ಒಬ್ಬನ ಲಾಭಕ್ಕಿಲ್ಲ. ಸೇತುವೆಗೆ ಕೊಟ್ಟ ದುಡ್ಡಿನಲ್ಲಿ ಸೇತುವೆಯ ಉದ್ಘಾಟನೆಗೆ ರಿಬ್ಬನ್ ಕೊಳ್ಳುವಂತಿಲ್ಲ. ಗೋಡೆಗೊರಗಿ ನಿಂತು ಕೇಳಿ ಕೇಳಿ ವಿಕ್ಟರನಿಗೆ ಇದು ರೋಸರಿ ಪ್ರಾರ್ಥನೆಯಷ್ಟೇ ಬಾಯಿಪಾಠವಾಗಿತ್ತು.

ಹೀಗಿರುವಾಗ ದುಬೈಯ ಊದ್ ಮೇಥಾದಲ್ಲಿ ಒಂದು ನಾಮಕರಣದ ಊಟ. ವಿಕ್ಟರನ ಪಕ್ಕದಲ್ಲಿ ಬಂದು ಕೂತವನು ಧರ್ಮಪಾಲ, ನಮ್ಮ ಕನ್ನಡ ಬಳಗದ ಅಧ್ಯಕ್ಷ. ದುಬೈಯ ನೈಫ್ ಪೇಟೆಯಲ್ಲಿ ಸೂಟ್‌ಕೇಸಿನ ಅಂಗಡಿ ಇಟ್ಟುಕೊಂಡವನು. ಮನುಷ್ಯರನ್ನು ಸೂಟ್‌ಕೇಸಿನ ಹಾಗೆಯೇ ನೋಡುತ್ತಾನೆ, ಒಳಗೆ ಎಷ್ಟು ಹಿಡಿಸಬಹುದು ಎಂದು. ಅಂದು ಅವನ ಮುಖ ಬಾಡಿತ್ತು. ಬಳಗದ ವಾರ್ಷಿಕೋತ್ಸವಕ್ಕೆ ಪ್ರತಿವರ್ಷ ಪ್ರಾಯೋಜಕರಾಗಿದ್ದ ಬಂಗಾರದ ಅಂಗಡಿಯವರು ಈ ಸಲ ಕೈ ಎತ್ತಿದ್ದರು. ಊರಿನಿಂದ ಯಕ್ಷಗಾನದ ತಂಡವನ್ನು ಕರೆಸುವುದಾಗಿ ಧರ್ಮಪಾಲ ಆಗಲೇ ಸಾರಿಬಿಟ್ಟಿದ್ದ. ಮಾತಿಗೆ ಮಾತೆಂದು ಅವನು ವಿಕ್ಟರನ ಕೆಲಸ ಕೇಳಿದ. ಬ್ಯಾಂಕಿನಲ್ಲಿ ಎಂದ ವಿಕ್ಟರ್. ಬ್ಯಾಂಕಿನಲ್ಲಿ ಎಂತದ್ದು ಎಂದು ಅವನು ಮತ್ತೆ ಕೇಳಿದ. ಅಷ್ಟರಲ್ಲಿ ವಿಕ್ಟರನ ತಟ್ಟೆಗೆ ಎರಡನೇ ಸಲ ಹಂದಿಮಾಂಸದ ಸೋರ್ಪೊಟೆಲ್ ಬಿದ್ದಿತ್ತು, ಎದುರಿಗೆ ಹೆಂಗಸರು ಕೂತು ಕೇಳುತ್ತಿದ್ದರು. ಇಡೀ ಜನ್ಮದಲ್ಲಿ ಒಮ್ಮೆ ಅವನ ಬೆನ್ನು ನೆಟ್ಟಗಾಯಿತು.

"ನಾನಿಲ್ಲದೆ ಅಲ್ಲಿ ಒಂದು ಮೀಟಿಂಗೂ ಶುರುವಾಗುದಿಲ್ಲ. ಯಾವ ಸೇತುವೆಯ ಸಾಲವಾದ್ರೂ ನನ್ನ ಕೈ ದಾಟಿಯೇ ಹೋಗ್ಬೇಕು."

ನೋಡಿ, ಸುಳ್ಳೆಲ್ಲಿದೆ? ಕ್ಯಾರೊಲಿನ್ ಮೇಜಿನ ಕೆಳಗಿಂದ ಅವನ ಕಾಲು ತುಳಿದಳು. ತಡವಾಗಿತ್ತು. ಧರ್ಮಪಾಲನ ಕಣ್ಣಿನಲ್ಲಿ ವಿಕ್ಟರ್ ಆಗಲೇ ನಾಲ್ಕು ಚಕ್ರದ ಅತಿದೊಡ್ಡ ಸೂಟ್‌ಕೇಸ್ ಆಗಿದ್ದ.

ನಮ್ಮ ಬಳಗಗಳ ಪದ್ಧತಿ ನಿಮಗೆ ಗೊತ್ತಿದೆಯೋ ಇಲ್ಲವೋ. ಇಲ್ಲಿ ಯಾರಿಂದ ಏನಾದರೂ ಬೇಕಾದರೆ ಮೊದಲು ಕೇಳುವುದಿಲ್ಲ. ಮೊದಲು ಸನ್ಮಾನ ಮಾಡುತ್ತಾರೆ. ಹೆಗಲಿಗೆ ಶಾಲು, ತಲೆಗೆ ಮೈಸೂರು ಪೇಟ, ಕೈಗೆ ಹಣ್ಣಿನ ಬುಟ್ಟಿ. ಮೂರೂ ಒಟ್ಟಿಗೆ ಮೈಮೇಲೆ ಬಿದ್ದ ಮನುಷ್ಯನಿಗೆ ಇಲ್ಲ ಎನ್ನಲು ಬಾಯಿ ಬಂದರೂ ತಲೆ ಅಲ್ಲಾಡಿಸಲು ಆಗುವುದಿಲ್ಲ, ಪೇಟ ಬೀಳುತ್ತದೆ. ಹಾಗಾಗಿ ಮುಂದಿನ ವಾರವೇ ವಿಕ್ಟರನ ಫೋನಿಗೆ ಆಮಂತ್ರಣ ಬಂತು. ಎದುರುಮನೆಯವನ ಕೋಟು ಹಾಕಿಕೊಂಡು ಯಾವುದೋ ಮದುವೆಯಲ್ಲಿ ತೆಗೆಸಿದ ಅವನ ಫೋಟೊ. ಅದರ ಕೆಳಗೆ, ಬ್ಯಾಂಕಿನ ಆಧಾರಸ್ತಂಭ ಶ್ರೀ ವಿಕ್ಟರ್ ಅವರಿಗೆ ಬಳಗದ ಸನ್ಮಾನ.

ಫಿಯೋನಾ ನೋಡಿ ನಕ್ಕು ಸೋಫಾದಿಂದ ಜಾರಿದಳು. "ಡ್ಯಾಡಿ, ಜಸ್ಟ್ ಟೆಲ್ ದೆಮ್ ಯು ಡು ದ ಮೈಕ್ಸ್."

ಕ್ಯಾರೊಲಿನ್‌ಗೆ ನಗು ಬರಲಿಲ್ಲ. ಬ್ಯಾಂಕಿನ ರಿಸೆಪ್ಷನಿನಲ್ಲಿ ಕೂರುವ ಪರ್ಲ್ ಅವಳ ಗೆಳತಿ. ಹಿಂದೊಮ್ಮೆ ಲೆಕ್ಕದ ವಿಭಾಗದ ಒಬ್ಬ ವಿಸಿಟಿಂಗ್ ಕಾರ್ಡಿನಲ್ಲಿ ತನ್ನನ್ನು ಮ್ಯಾನೇಜರ್ ಎಂದು ಅಚ್ಚು ಹಾಕಿಸಿಕೊಂಡದ್ದಕ್ಕೆ ವೀಸಾ ರದ್ದಾಗಿ ಊರಿಗೆ ಹೋದನೆಂದು ಪರ್ಲ್ ಹೇಳಿದ್ದಳು. ವಿಮಾನದಲ್ಲಿ ಅವನಿಗೆ ಕಿಟಕಿಯ ಸೀಟೂ ಕೊಡಲಿಲ್ಲವಂತೆ. ವಿಕ್ಟರನ ಕೆಲಸ ಹೋದರೆ ವೀಸಾ ಹೋಯಿತು, ಫಿಯೋನಾಳ ಪರೀಕ್ಷೆಯ ವರ್ಷ ನೀರುಪಾಲು.

"ನಾಳೆಯೇ ಹೋಗಿ ಧರ್ಮಣ್ಣನತ್ರ ಸತ್ಯ ಹೇಳಿ ಬನ್ನಿ" ಎಂದಳು ಕ್ಯಾರೊಲಿನ್.

ಸತ್ಯ ಹೇಳಲೆಂದೇ ಅವನು ನೈಫಿಗೆ ಹೋದ. ದೇವರಾಣೆ ಅದಕ್ಕೇ ಹೋದ. ಆದರೆ ಅಂಗಡಿಯಲ್ಲಿ ಸಮಿತಿಯ ಸಭೆ ನಡೆಯುತ್ತಿತ್ತು. ಎಲ್ಲರೂ ಸೂಟ್‌ಕೇಸುಗಳ ಮೇಲೆ ಕೂತಿದ್ದರು. ಅವನನ್ನು ಕಂಡು ಒಟ್ಟಿಗೆ ಎದ್ದು ನಿಂತರು. ಅವರಲ್ಲಿ ಪ್ರತಿವರ್ಷ ಬಳಗಕ್ಕೆ ಅಡುಗೆ ಮಾಡಿಕೊಡುವ ಮುನಿಸ್ವಾಮಿಯೂ ಇದ್ದ, ಕೋಲಾರದ ಕಡೆಯವನು, ಮುಸಫ್ಫಾದಲ್ಲಿ ಒಂದು ಕಂಪನಿಯ ಕೆಲಸಗಾರರು ಉಳಿಯುವ ಕ್ಯಾಂಪಿನ ಅಡುಗೆಯವನು. ಅವನಂತೂ ವಿಕ್ಟರನಿಗೆ ಕೈ ಮುಗಿದೇಬಿಟ್ಟ. ಧರ್ಮಪಾಲ ಅತಿ ದುಬಾರಿ ಸೂಟ್‌ಕೇಸಿನ ಮೇಲಿನ ಪ್ಲಾಸ್ಟಿಕ್ ಕೂಡ ತೆಗೆಯದೆ ವಿಕ್ಟರನನ್ನು ಅದರ ಮೇಲೆ ಕೂರಿಸಿದ. ವಿಕ್ಟರ್ ಅಲುಗಾಡಿದಾಗಲೆಲ್ಲ ಅದು ಕಿರುಗುಟ್ಟುತ್ತಿತ್ತು.

ಅವನು ಬಾಯಿ ತೆರೆಯುವಷ್ಟರಲ್ಲಿ ಧರ್ಮಪಾಲ ವಿಷಯಕ್ಕೆ ಬಂದ. ವಾರ್ಷಿಕೋತ್ಸವದ ಖರ್ಚನ್ನು ಸೇತುವೆ ಬ್ಯಾಂಕು ವಹಿಸಿಕೊಳ್ಳಬೇಕು. ಸತ್ಯ ಹೇಳುವ ಧೈರ್ಯವಿಲ್ಲದ ವಿಕ್ಟರನ ಬಾಯಿಗೆ ಬಂದದ್ದು ಫರ್ಝಾನಳ ಪಾಠ. ಕಾನೂನು ಉಂಟು ಧರ್ಮಣ್ಣ, ಉತ್ಸವಕ್ಕೆ ಕೊಡುವ ಹಾಗಿಲ್ಲ, ಸಾರ್ವಜನಿಕ ಸೌಕರ್ಯಕ್ಕೆ ಮಾತ್ರ ಎಂದ.

ಧರ್ಮಪಾಲ ಒಂದು ಗಳಿಗೆ ಗಡ್ಡ ಕೆರೆದ. ಹಾಗಾದರೆ ಉತ್ಸವವನ್ನೇ ಸೌಕರ್ಯ ಮಾಡಿದರಾಯಿತು ಎಂದ.

"ಸ್ಟೇಜ್ ಉಂಟಲ್ಲ, ಅದು ರಸ್ತೆಯೇ ಮಾರಾಯ. ಜನ ಈಚೆಯಿಂದ ಹತ್ತುತ್ತಾರೆ, ಆಚೆಯಿಂದ ಇಳಿಯುತ್ತಾರೆ."

"ಮಾರನೇ ದಿನ ಬಿಚ್ಚುತ್ತೇವಲ್ಲ. ಬಾಳಿಕೆ ಬರುವುದಕ್ಕೆ ಮಾತ್ರ ಕೊಡುದು."

"ಬಿಚ್ಚದಿದ್ದರೆ?"

"ಬಾಡಿಗೆ ಸಭಾಂಗಣದವರು ನಮ್ಮನ್ನು ಬಿಡ್ತಾರಾ?"

ಸಾಂಸ್ಕೃತಿಕ ಕಾರ್ಯದರ್ಶಿ ಬಿಂದು, ಮೈಸೂರಿನವಳು, ಐಟಿ ಕೆಲಸದವಳು, ಲ್ಯಾಪ್‌ಟಾಪ್ ತೆರೆದು ಕೂತಳು. ಊಟದ ಕ್ಯೂ ಸಾರಿಗೆ ವ್ಯವಸ್ಥೆ ಆಗುತ್ತಲ್ವಾ ಎಂದಳು. ಯಕ್ಷಗಾನದ ತಂಡ ಮಂಗಳೂರಿನಿಂದ ವಿಮಾನದಲ್ಲಿ ಬರುವುದು ಎರಡು ದೇಶಗಳನ್ನು ಜೋಡಿಸುವ ಸೇತುವೆ ಎಂದು ಬರೆಯೋಣ ಎಂದಳು. ಸಾಂಬಾರನ್ನು ಅಡುಗೆಮನೆಯಿಂದ ಸಭಾಂಗಣಕ್ಕೆ ಪೈಪಿನಲ್ಲಿ ಬಿಟ್ಟರೆ ಅದು ನೀರು ಸರಬರಾಜಿನ ಕೆಳಗೆ ಬರುತ್ತದೆಯೇ ಎಂದೂ ಕೇಳಿದಳು, ನಗದೆ. ಅದನ್ನು ಕೇಳಿ ಮುನಿಸ್ವಾಮಿ ಮಾತ್ರ, ತೊಗರಿ ಬೇಳೆ ಪೈಪಿನಲ್ಲಿ ಕಟ್ಟಿಕೊಳ್ಳುತ್ತದೆಂದು ಚಿಂತೆಗೆ ಬಿದ್ದ.

ವಿಕ್ಟರ್ ಒಂದೊಂದನ್ನೂ ಕತ್ತರಿಸುತ್ತ ಹೋದ. ಇದು ಒಂದು ಸಂಘದ ಲಾಭ, ಅದು ದಿನದ ಖರ್ಚು, ಇನ್ನೊಂದು ಕಾನೂನಿನ ಪಟ್ಟಿಯಲ್ಲೇ ಇಲ್ಲ. ತಾನು ಇಷ್ಟು ಇಲ್ಲ ಎಂದರೆ ತನ್ನ ಮೇಲಿನ ಆಸೆ ಬಿಟ್ಟಾರು ಎಂದು ಅವನ ಲೆಕ್ಕ. ಆದದ್ದು ತಿರುಗುಮುರುಗು. ಅವನು ಇಲ್ಲ ಎಂದಷ್ಟೂ ಅವರ ಕಣ್ಣು ಅರಳಿತು. ಸಣ್ಣ ನೌಕರನಾದರೆ ನೋಡುವಾ, ಮಾಡುವಾ ಎನ್ನುತ್ತಾನೆ. ಮುಖಕ್ಕೆ ಹೊಡೆದ ಹಾಗೆ ಇಲ್ಲ ಎನ್ನುವವನು ದೊಡ್ಡ ಅಧಿಕಾರಿಯೇ ಇರಬೇಕು. ಸಭೆ ಮುಗಿಯುವಾಗ ಧರ್ಮಪಾಲ ಬಿಂದುವಿನ ಕಿವಿಯಲ್ಲಿ, ಸ್ಮರಣಿಕೆಯನ್ನು ಇನ್ನೂ ದೊಡ್ಡದು ಮಾಡಿಸುವಾ ಎಂದ. ವಿಕ್ಟರ್ ಸತ್ಯವನ್ನು ಹಾಗೇ ಹೊಟ್ಟೆಯಲ್ಲಿಟ್ಟುಕೊಂಡು ಬಸ್ಸು ಹತ್ತಿದ.

ಬಸ್ಸಿನಲ್ಲಿ ಮುನಿಸ್ವಾಮಿ ಪಕ್ಕದಲ್ಲೇ ಕೂತ. ಮುಸಫ್ಫಾ ಬರುವವರೆಗೂ ಸುಮ್ಮನಿದ್ದು, ಇಳಿಯುವ ಹೊತ್ತಿಗೆ ಮೆಲ್ಲಗೆ ಬಾಯಿ ಬಿಟ್ಟ.

"ಸಾರ್, ನಿಮ್ ಬ್ಯಾಂಕು ಸೇತುವೆ ಕಟ್ಟುತ್ತಂತಲ್ಲ. ನಮ್ಗೊಂದು ಸಣ್ಣದು ಬೇಕಿತ್ತು. ಹತ್ತಡಿ ಇದ್ರೆ ಸಾಕು."

ವಿಷಯ ಇಷ್ಟೇ. ಅವನ ಕ್ಯಾಂಪಿನ ಗೇಟಿಗೂ ಕಂಪನಿ ಬಸ್ಸು ನಿಲ್ಲುವ ಜಾಗಕ್ಕೂ ನಡುವೆ ಪೈಪು ಹಾಕಲೆಂದು ತೋಡಿ ಬಿಟ್ಟ ಒಂದು ಕಾಲುವೆ. ಎಸಿಯ ನೀರು, ಬಟ್ಟೆ ತೊಳೆದ ನೀರು ಎಲ್ಲ ಬಂದು ಅದರಲ್ಲಿ ನಿಂತು ಹಸಿರಾಗಿತ್ತು. ದಾಟಲು ಒಂದೇ ಹಲಗೆ. ಬೆಳಗ್ಗೆ ಇಡೀ ಕ್ಯಾಂಪು ಆ ಹಲಗೆಯ ಮೇಲೆ ಸರ್ಕಸ್ ಮಾಡಿ ಕೆಲಸಕ್ಕೆ ಹೋಗಬೇಕು. ಹೋದ ತಿಂಗಳು ಮುನಿಸ್ವಾಮಿ ಸಾಂಬಾರಿನ ಪಾತ್ರೆಯ ಜೊತೆ ಕೆಳಗೆ ಬಿದ್ದಿದ್ದ. ಪಾತ್ರೆಗೆ ಏನೂ ಆಗಲಿಲ್ಲ, ಮೊಣಕಾಲು ಮಾತ್ರ ಇಂದಿಗೂ ಮಡಚುವುದಿಲ್ಲ. ಕ್ಯಾಂಪಿನ ಮ್ಯಾನೇಜರ್ ಶಾನ್‌ಗೆ ಹೇಳಿದರೆ ಬುಕ್ರಾ ಎನ್ನುತ್ತಾನೆ. ಬುಕ್ರಾ ಎಂದರೆ ನಾಳೆ. ಈ ದೇಶದಲ್ಲಿ ಅದಕ್ಕಿಂತ ಉದ್ದದ ಕಾಲ ಇಲ್ಲ.

ಈ ಹತ್ತಡಿಯ ಬಗ್ಗೆ ಫರ್ಝಾನ ಏನು ಹೇಳಿಯಾಳು ಎಂಬುದು ವಿಕ್ಟರನಿಗೆ ಗೊತ್ತಿತ್ತು. ಆದರೆ ಕುಂಟುತ್ತಾ ಇಳಿಯುವ ಮನುಷ್ಯನಿಗೆ ಕಾನೂನು ಹೇಳಲು ನಾಲಿಗೆ ಬರಲಿಲ್ಲ. "ನೋಡುವಾ" ಎಂದುಬಿಟ್ಟ. ನೈಫಿನಲ್ಲಿ ಯಾರಿಗೂ ಹೇಳದ ಆ ಒಂದು ಮಾತನ್ನು ಇಲ್ಲಿ ಹೇಳಿದ.

ಮರುವಾರ ಬೆಳಗ್ಗೆ ಸೇತುವೆ ಬ್ಯಾಂಕಿನ ಬಾಗಿಲಲ್ಲಿ ಒಂದು ಮೆರವಣಿಗೆ ಬಂದು ನಿಂತಿತು. ಮುಂದೆ ಕೋಟು ಹಾಕಿದ ಧರ್ಮಪಾಲ, ಹಿಂದೆ ರೇಷ್ಮೆ ಸೀರೆಯ ಬಿಂದು, ಅವಳ ಹಿಂದೆ ಕೇಸರಿಬಾತಿನ ಡಬ್ಬಿ ಹಿಡಿದ ಮುನಿಸ್ವಾಮಿ. ವಿಕ್ಟರ್ ಸಂಕೋಚದವನು, ಅವನ ಮೇಲಧಿಕಾರಿಗಳಿಗೂ ಶಾಲು ಹಾಕಿದರೆ ಕೆಲಸ ಬೇಗ ಆಗುತ್ತದೆ ಎಂದು ಧರ್ಮಪಾಲನ ಯೋಚನೆ. ಸೆಕ್ಯುರಿಟಿಯವನು ಮೈಸೂರು ಪೇಟವನ್ನು ಎಕ್ಸ್‌ರೇ ಯಂತ್ರದೊಳಗೆ ಕಳಿಸಿದ. ಅದು ಆಚೆ ಕಡೆಯಿಂದ ರಾಜಗಾಂಭೀರ್ಯದಿಂದ ಹೊರಬಂತು.

ರಿಸೆಪ್ಷನಿನಲ್ಲಿ ಪರ್ಲ್ ಯಾರು ಬೇಕು ಎಂದಳು. ವಿಕ್ಟರ್ ಸಾಹೇಬರು ಎಂದ ಧರ್ಮಪಾಲ. ಯಾವ ವಿಕ್ಟರ್ ಎಂದಳು ಅವಳು. ಅವರಿಲ್ಲದೆ ಇಲ್ಲಿ ಮೀಟಿಂಗ್ ಶುರುವಾಗುವುದಿಲ್ಲವಲ್ಲ, ಆ ವಿಕ್ಟರ್ ಎಂದು ಧರ್ಮಪಾಲ ಇಡೀ ಲಾಬಿಗೆ ಕೇಳುವ ಹಾಗೆ ಹೇಳಿದ. ಅದೇ ಹೊತ್ತಿಗೆ ಲಿಫ್ಟಿನಿಂದ ಹೊರಬಂದವಳು ಫರ್ಝಾನ.

ಅವಳು ನಿಂತಳು. ಶಾಲು ನೋಡಿದಳು, ಪೇಟ ನೋಡಿದಳು. ಬ್ಯಾಂಕಿನ ಬಾಗಿಲಿಗೆ ಕೇಳಿಕೊಂಡು ಬಂದವರ ಮಾತನ್ನು ಕೇಳದೆ ಕಳಿಸುವಂತಿಲ್ಲ, ಅದೂ ಒಂದು ನಿಯಮ. ಅವರನ್ನು ಮೀಟಿಂಗಿನ ಕೋಣೆಗೆ ಕರೆದೊಯ್ದಳು. ಅಲ್ಲಿ ಬಾಟಲಿ ತಿರುಗಿಸುತ್ತಿದ್ದ ವಿಕ್ಟರ್ ಇವರನ್ನು ಕಂಡು ಕೈಯಲ್ಲಿದ್ದ ಬಾಟಲಿಯನ್ನೇ ಅಪ್ಪಿಕೊಂಡ. ಫರ್ಝಾನ ಅವನಿಗೂ ಕೂರಲು ಹೇಳಿದಳು. ಇಷ್ಟು ವರ್ಷ ಸಾಲಾಗಿ ಇಟ್ಟ ಕುರ್ಚಿಯಲ್ಲಿ ಅವನು ಮೊದಲ ಸಲ ಕೂತ. ಕುರ್ಚಿ ಇಷ್ಟು ಮೆತ್ತಗಿದೆ ಎಂದು ಅವನಿಗೆ ಅಂದೇ ತಿಳಿದದ್ದು. ಊರಿನ ಏರ್‌ಪೋರ್ಟಿನಲ್ಲಿ ಇಳಿಯುತ್ತಿರುವ ತಾನು, ಹಿಂದೆ ಪುಸ್ತಕಗಳ ಚೀಲ ಹೊತ್ತ ಫಿಯೋನಾ, ಎಲ್ಲ ಅವನ ಕಣ್ಣೆದುರು ಬಂತು.

ಫರ್ಝಾನ ಮೈಕಿನ ಮುಂದೆ ಬಗ್ಗಿ ಮಾತು ಶುರು ಮಾಡಿದಳು. ತುಟಿ ಅಲ್ಲಾಡಿತು, ಸದ್ದಿಲ್ಲ. ಮೈಕನ್ನು ತಟ್ಟಿದಳು. ಕರ್ ಎಂದು ಸತ್ತಿತು.

ವಿಕ್ಟರನ ತಲೆ ಕೂರು ಎನ್ನುತ್ತಿತ್ತು, ಆದರೆ ಕಾಲು ಕೇಳಬೇಕಲ್ಲ. ಅವನು ಎದ್ದ. ಸಾರಿ ಎಂದ. ಎಲ್ಲರೆದುರು ಮೇಜಿನ ಕೆಳಗೆ ಬಗ್ಗಿದ, ಬಟನ್ ಒತ್ತಿ ಹಿಡಿದ, ಎಡಕ್ಕೆ ನೂಕಿದ. ಹಸಿರು ದೀಪ ಹತ್ತಿತು. ಎದ್ದು ಬಂದವನು ಕುರ್ಚಿಗೆ ಹೋಗಲಿಲ್ಲ, ಅಭ್ಯಾಸದಂತೆ ಹೋಗಿ ಗೋಡೆಗೊರಗಿ ನಿಂತ.

ಧರ್ಮಪಾಲನ ಮುಖದಲ್ಲಿ ಒಂದೊಂದೇ ಚಕ್ರ ಕಳಚಿ ಬೀಳುವುದು ಕಾಣುತ್ತಿತ್ತು. ಅವನು ಬಿಂದುವಿನ ಕಡೆ ಬಗ್ಗಿ ಪಿಸುಗುಟ್ಟಿದ, ಇವನು ಬರೀ ಬಟನಿನವನು, ಆದದ್ದಾಯಿತು, ಈ ಹೆಂಗಸಿಗಾದರೂ ಹಣ್ಣಿನ ಬುಟ್ಟಿ ಕೊಟ್ಟು ನೋಡುವಾ, ಸ್ವಲ್ಪ ಗಟ್ಟಿ ಆಸಾಮಿಯ ಹಾಗೆ ಕಾಣುತ್ತಾಳೆ ಎಂದು. ಈಗ ಮೈಕಿಗೆ ಜೀವ ಬಂದಿತ್ತಲ್ಲ, ಪಿಸುಮಾತು ನಾಲ್ಕೂ ಗೋಡೆಗೆ ಬಡಿದು ವಾಪಸು ಬಂತು. ಕನ್ನಡ ಈ ಮೇಡಂಗೆಲ್ಲಿ ಬರುತ್ತದೆ ಎಂಬ ಧೈರ್ಯದಲ್ಲಿ ಅವನು ಹಲ್ಲು ಬಿಟ್ಟ.

"ಬುಟ್ಟಿ ಬ್ಯಾಡ್ರಿ" ಎಂದಳು ಫರ್ಝಾನ. "ತಗೊಳ್ಳಾಕ ನಮಗ ಕಾಯ್ದೆ ಇಲ್ಲ. ಮತ್ತ ನಾ ಧಾರವಾಡದಾಕಿ. ಗಟ್ಟಿನ ಅದೀನಿ."

ಅಷ್ಟು ವರ್ಷ ಅವಳ ಇಂಗ್ಲಿಷ್ ಪಾಠ ಕೇಳಿದ್ದ ವಿಕ್ಟರನ ಬಾಯಿ ತೆರೆದದ್ದು ಹಾಗೇ ಉಳಿಯಿತು. ಅವಳು ಅವನ ಕಡೆ ತಿರುಗಿದಳು. ನೀವು ಇವರಿಗೆ ಆಫೀಸರ್ ಅಂತ ಹೇಳಿದ್ರೇನು ಎಂದು ಕೇಳಿದಳು.

"ಇಲ್ಲ ಮೇಡಂ. ನಾನಿಲ್ಲದೆ ಮೀಟಿಂಗ್ ಶುರುವಾಗುದಿಲ್ಲ ಅಂತ ಹೇಳಿದ್ದೆ. ಸಾಲ ನನ್ನ ಕೈ ದಾಟಿ ಹೋಗ್ತದೆ ಅಂತ."

ಫರ್ಝಾನ ಹಸಿರು ದೀಪವನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಆಫ್ರಿಕಾದ ಹೆದ್ದಾರಿಗೂ ಅಷ್ಟು ಹೊತ್ತು ತೆಗೆದುಕೊಂಡಿರಲಿಕ್ಕಿಲ್ಲ.

"ಖರೇನ ಐತಿ" ಎಂದಳು. "ಇದಕ್ಕ ನಂದೇನೂ ತಕರಾರು ಇಲ್ಲ."

ಕೆಲಸ ಉಳಿಯಿತು. ವಿಕ್ಟರ್ ಗೋಡೆಯನ್ನು ಹಿಡಿದುಕೊಂಡ. ಧರ್ಮಪಾಲ ಶಾಲು ಮಡಚಿ ಏಳಲು ಹೊರಟ. ಆಗ ಮುನಿಸ್ವಾಮಿ ಡಬ್ಬಿಯನ್ನು ಮೇಜಿನ ಮೇಲಿಟ್ಟ. ನಡೆದದ್ದು ಯಾವುದೂ ಅವನಿಗೆ ಅರ್ಥವಾದಂತಿರಲಿಲ್ಲ. ವಿಕ್ಟರ್ ದೀಪ ಹತ್ತಿಸಿದ್ದನ್ನು ನೋಡಿ ಅವನ ನಂಬಿಕೆ ಇನ್ನೂ ಬಲವಾಗಿತ್ತು. ಮೇಡಂ, ನಮ್ಮ ಸೇತುವೆ ವಿಷಯ ಸಾರ್ ಹೇಳಿದ್ರಾ ಎಂದ.

ಅವಳು ಪೂರ್ತಿ ಕೇಳಿದಳು. ಆಮೇಲೆ ಪಾಠವನ್ನು ಕನ್ನಡದಲ್ಲಿ ಒಪ್ಪಿಸಿದಳು. ಇಷ್ಟು ಸಣ್ಣದಕ್ಕೆ ಬ್ಯಾಂಕು ಕೊಡುವಂತಿಲ್ಲ, ಒಂದು ಕಂಪನಿಯ ಕ್ಯಾಂಪಿಗಂತೂ ಕೊಡುವಂತಿಲ್ಲ, ಒಂದು ಮೊಳೆಯೂ ಇಲ್ಲ. ಮುನಿಸ್ವಾಮಿ ತಲೆಯಾಡಿಸಿ ಡಬ್ಬಿ ಎತ್ತಿಕೊಂಡು ಬಾಗಿಲವರೆಗೆ ಹೋದ. ಅವನು ಕುಂಟುವುದನ್ನು ಫರ್ಝಾನ ನೋಡಿದಳು. ಶನಿವಾರ ನನಗ ರಜಾ ಅದ ಎಂದಳು.

ಶನಿವಾರ ವಿಕ್ಟರ್ ಬ್ಯಾಂಕಿನ ಕಾರಿನ ಡ್ರೈವರನನ್ನು ಕೇಳಿಟ್ಟಿದ್ದ. ಆ ಕಾರಿನ ಪೆಟ್ರೋಲು ಜನರ ದುಡ್ಡು, ಕಾಲುವೆ ನೋಡಲು ಅಲ್ಲ ಎಂದು ಫರ್ಝಾನ ತನ್ನ ಹಳೇ ಸಣ್ಣ ಕಾರಿನಲ್ಲಿ ಬಂದಳು. ಅಳೆಯಲೆಂದು ಅವನು ಆಫೀಸಿನ ಟೇಪು ತಂದಿದ್ದ, ಅದನ್ನು ಕಾರಿನೊಳಗೆ ಇಡಿಸಿದಳು. ಅವನ ಜೇಬಿನ ಪೆನ್ನಿನ ಮೇಲೆ ಬ್ಯಾಂಕಿನ ಹೆಸರು ಕಂಡು ಅದನ್ನೂ ಇಡಿಸಿದಳು. ಕೊನೆಗೆ ಅವನು ಅಂಗಿಯ ಕುತ್ತಿಗೆಪಟ್ಟಿಯನ್ನೂ ತಿರುಗಿಸಿ ತೋರಿಸಿ, ಅಂಗಿ ತನ್ನದೇ ಎಂದು ಅವಳಿಗೆ ಖಾತ್ರಿ ಮಾಡಿದ. ಕಾಲುವೆಯನ್ನು ಮುನಿಸ್ವಾಮಿಯ ಸೌಟಿನಿಂದ ಅಳೆದರು.

ಹಲಗೆಯ ಮೇಲೆ ಹೋದ ಫರ್ಝಾನ ಅರ್ಧದಲ್ಲಿ ಓಲಾಡಿದಳು. ಒಂದು ಚಪ್ಪಲಿ ಹಸಿರು ನೀರಿಗೆ ಬಿತ್ತು. ಅಷ್ಟರಲ್ಲಿ ಮ್ಯಾನೇಜರ್ ಶಾನ್ ಓಡೋಡಿ ಬಂದ. ಯಾರು ನೀವು ಎಂದ. ಹಲಗೆಯ ಮೇಲೆ ಒಂಟಿಕಾಲಿನಲ್ಲಿ ನಿಂತೇ ಅವಳು ಸತ್ಯವನ್ನು ಸ್ಪಷ್ಟವಾಗಿ ಹೇಳಿದಳು. ತಾನು ಸರಕಾರಿ ಸೇತುವೆ ಬ್ಯಾಂಕಿನ ಕಾನೂನು ಅಧಿಕಾರಿ, ಆದರೆ ಬ್ಯಾಂಕಿನ ಪರವಾಗಿ ಬಂದಿಲ್ಲ, ಬ್ಯಾಂಕಿಗೂ ಈ ಹಲಗೆಗೂ ಯಾವ ಸಂಬಂಧವೂ ಇಲ್ಲ, ಇದು ಕ್ಯಾಂಪಿನ ಜಾಗದಲ್ಲೇ ಇರುವುದರಿಂದ ದಾರಿ ಮಾಡಿಕೊಡಬೇಕಾದವರು ಕ್ಯಾಂಪಿನವರು, ಅಷ್ಟೇ.

ಶಾನ್‌ನ ಕಿವಿಗೆ ಬಿದ್ದದ್ದು ಸರಕಾರ, ಬ್ಯಾಂಕು, ಕಾನೂನು. ಸಂಬಂಧ ಇಲ್ಲ ಎಂದು ಇಷ್ಟು ಒತ್ತಿ ಹೇಳಬೇಕಾದರೆ ಸಂಬಂಧ ಎಷ್ಟು ದೊಡ್ಡದಿರಬೇಕು ಎಂದು ಅವನು ಬೆವರಿದ. ಅವಳು ಮತ್ತೊಮ್ಮೆ, ನಿಧಾನವಾಗಿ, ಇದು ತನಿಖೆ ಅಲ್ಲ ಎಂದಳು. ಅವನು ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. ವಿಕ್ಟರ್ ಇದನ್ನು ನೋಡುತ್ತಾ ನಿಂತಿದ್ದ. ನೈಫಿನ ಅಂಗಡಿಯಲ್ಲಿ ಆ ಕಿರುಗುಟ್ಟುವ ಸೂಟ್‌ಕೇಸಿನ ಮೇಲೆ ತನಗಾದದ್ದೇ ಇಲ್ಲಿ ಕಾನೂನು ಅಧಿಕಾರಿಗೂ ಆಗುವುದನ್ನು ಕಂಡು ಅವನ ಹೊಟ್ಟೆ ತಣ್ಣಗಾಯಿತು. ಮೊದಲ ಬಾರಿ ಅವನು ಯಾರಿಗೂ ಸಾರಿ ಹೇಳದೆ, ಬಗ್ಗಿ, ಸೌಟಿನಿಂದ ಅವಳ ಚಪ್ಪಲಿ ತೆಗೆದುಕೊಟ್ಟ.

ಮುಸಫ್ಫಾದಲ್ಲಿ ಕಬ್ಬಿಣ ಬೆಸೆಯುವವರಿಗೆ ಏನು ಬರ. ಶಾನ್ ಬುಕ್ರಾ ಎನ್ನಲಿಲ್ಲ, ಯಲ್ಲಾ ಎಂದ, ಅಂದರೆ ಈಗಲೇ ನಡೆಯಿರಿ. ವಾರ ಮುಗಿಯುವುದರೊಳಗೆ ಕಾಲುವೆಯ ಮೇಲೆ ಕೈಹಿಡಿಯಿರುವ, ಹಳದಿ ಬಣ್ಣದ ಕಬ್ಬಿಣದ ಸೇತುವೆ ಕೂತಿತು. ಅದರ ಮೇಲೆ ಆನೆ ಹೋದರೂ ಅಲುಗುವುದಿಲ್ಲ ಎನ್ನುತ್ತಾರೆ. ಆನೆ ಎಂದದ್ದು ನಾನೇ, ಆದರೆ ಅಡುಗೆಯ ತಳ್ಳುಗಾಡಿ ಹೋಗುವುದು ನಿಜ. ಸೇತುವೆ ಬ್ಯಾಂಕಿನ ಒಂದು ಮೊಳೆಯೂ ಅದರಲ್ಲಿಲ್ಲ. ಮುನಿಸ್ವಾಮಿಯನ್ನು ಕೇಳಿದರೆ ಮಾತ್ರ, ವಿಕ್ಟರ್ ಸಾರ್ ಬಟನ್ ಒತ್ತಿದರು, ಸೇತುವೆ ಬಂತು ಎನ್ನುತ್ತಾನೆ.

ಇನ್ನು ಉಳಿದದ್ದು ವಾರ್ಷಿಕೋತ್ಸವ. ಪ್ರಾಯೋಜಕರಿಲ್ಲದೆ ಯಕ್ಷಗಾನ ರದ್ದಾಯಿತು, ಮನೆಮನೆಯಿಂದ ಒಂದೊಂದು ಪದಾರ್ಥ ಬಂತು, ಮುನಿಸ್ವಾಮಿ ಕೇಸರಿಬಾತು ಮಾತ್ರ ಮಾಡಿದ. ನಿಜ ಹೇಳಬೇಕೆಂದರೆ ಊಟ ಹಿಂದಿನ ವರ್ಷಗಳಿಗಿಂತ ಚೆನ್ನಾಗಿತ್ತು, ನನ್ನ ಬಂಗುಡೆ ಸಾರೂ ಇತ್ತಲ್ಲ. ಧರ್ಮಪಾಲ ಅಂದಿನಿಂದ ವಿಕ್ಟರನ ಜೊತೆ ಮಾತು ಬಿಟ್ಟಿದ್ದ. ಸನ್ಮಾನವನ್ನು ಕಾನೂನಿನ ತೊಡಕಿನಿಂದ ಕೈಬಿಡಲಾಗಿದೆ ಎಂದು ಎಲ್ಲರ ಫೋನಿಗೂ ಸಂದೇಶ ಕಳಿಸಿದ್ದ. ಆದರೆ ಆಧಾರಸ್ತಂಭ ಎಂದು ಕೆತ್ತಿಸಿದ ಸ್ಮರಣಿಕೆಯನ್ನು ಅಂಗಡಿಯವನು ವಾಪಸು ತೆಗೆದುಕೊಳ್ಳಲಿಲ್ಲ. ಅದೂ, ಶಾಲೂ, ಪೇಟವೂ ವೇದಿಕೆಯ ಮೇಜಿನ ಮೇಲೆ ಅನಾಥವಾಗಿ ಕೂತಿದ್ದವು. ವಿಕ್ಟರ್ ಬರುವುದಿಲ್ಲ ಎಂದಿದ್ದ. ತಪ್ಪು ಮಾಡಿದವರೇ ಹೋಗುತ್ತಾರಂತೆ, ನಿಮಗೆಂತ ಎಂದು ಕ್ಯಾರೊಲಿನ್ ಎದುರುಮನೆಯವನ ಕೋಟು ತೊಡಿಸಿ ಎಳೆದುಕೊಂಡು ಬಂದಿದ್ದಳು. ಹಿಂದಿನ ಸಾಲಿನಲ್ಲಿ ಫರ್ಝಾನ ಕೂತಿದ್ದಳು. ಊಟವನ್ನು ಪುಕ್ಕಟೆ ತೆಗೆದುಕೊಳ್ಳುವಂತಿಲ್ಲವೆಂದು ಧಾರವಾಡದ ಪೇಡೆ ತಂದು ಎಲ್ಲರಿಗೂ ಹಂಚಿ ಸಮ ಮಾಡಿಕೊಂಡಿದ್ದಳು.

ಧರ್ಮಪಾಲ ಸ್ವಾಗತ ಭಾಷಣಕ್ಕೆ ನಿಂತ. ತುಟಿ ಅಲ್ಲಾಡಿತು, ಸದ್ದಿಲ್ಲ. ಹಲೋ ಎಂದ, ಊದಿದ, ತಟ್ಟಿದ. ಮೈಕಿನವನು ಎಲ್ಲೋ ಬಿರಿಯಾನಿಗೆ ಹೋಗಿದ್ದ. ಬಿಂದು ಒಂದು ವಯರು ಎಳೆದಳು, ದೀಪಗಳೂ ಆರಿ ಹತ್ತಿದವು. ಮಕ್ಕಳು ಶಿಳ್ಳೆ ಹೊಡೆದರು. ಧರ್ಮಪಾಲನ ಕಣ್ಣು ತಾನಾಗಿ ವಿಕ್ಟರ್ ಕೂತಿದ್ದ ಮೂರನೇ ಸಾಲಿಗೆ ಹೋಯಿತು, ವಾಪಸು ಬಂತು, ಮತ್ತೆ ಹೋಯಿತು. ಬಾಯಿ ಬಿಟ್ಟು ಕರೆಯಲು ಅವನ ಅಧ್ಯಕ್ಷಗಿರಿ ಬಿಡಬೇಕಲ್ಲ.

ವಿಕ್ಟರ್ ಎದ್ದ. ಒಂದೊಂದು ಮೊಣಕಾಲಿಗೂ ಸಾರಿ ಹೇಳುತ್ತಾ ಸಾಲಿನಿಂದ ಹೊರಬಂದ, ವೇದಿಕೆ ಹತ್ತಿದ, ಮೈಕಿನ ಪೆಟ್ಟಿಗೆಯ ಹಿಂದೆ ಬಗ್ಗಿದ. ಸದ್ದು ಬಂದದ್ದು ಧರ್ಮಪಾಲ ಬಿಂದುವಿಗೆ ಹೇಳುತ್ತಿದ್ದ ಮಾತಿನ ನಟ್ಟನಡುವೆ.

"...ಅವನಿಲ್ಲದೆ ನಮ್ಮದೂ ಶುರುವಾಗುದಿಲ್ಲ ಮಾರಾಯ್ತಿ."

ಅದು ಹಾಲಿನ ಮೂಲೆಮೂಲೆಗೂ ಕೇಳಿಸಿತು. ನಗು ಎದ್ದಿತು, ಅದರ ಹಿಂದೆಯೇ ಚಪ್ಪಾಳೆ. ಧರ್ಮಪಾಲ ಮೈಕನ್ನು ನೋಡಿದ, ಮೇಜನ್ನು ನೋಡಿದ, ತಲೆ ಕೆರೆದುಕೊಂಡ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ಒಬ್ಬ ಕುಂಟುತ್ತಾ ವೇದಿಕೆಯ ಕಡೆ ಬಂದ, ಕೈ ತೊಳೆಯುವಷ್ಟೂ ತಡೆಯದೆ.

ಮುಂದಿನದನ್ನು ನಾನು ಹೇಳುವುದಿಲ್ಲ, ನನ್ನ ಬಾಯಿ ನೋಯುತ್ತಿದೆ. ಇಷ್ಟು ಮಾತ್ರ ಹೇಳುತ್ತೇನೆ. ಮುಸಫ್ಫಾದ ಒಂದು ಮನೆಯ ಕಪಾಟಿನಲ್ಲಿ ಈಗ ಒಂದು ಶಾಲು ಇದೆ. ಅದರ ಎರಡು ಹೆಗಲಿನ ಜಾಗದಲ್ಲೂ ಕೇಸರಿಬಾತಿನ ತುಪ್ಪದ ಐದೈದು ಬೆರಳಿನ ಗುರುತು. ಕ್ಯಾರೊಲಿನ್ ಅದನ್ನು ಒಗೆಯಲು ಯಾರಿಗೂ ಬಿಡುವುದಿಲ್ಲ. ಈಗ ನೀವೇ ಹೇಳಿ ನೋಡುವಾ, ಹೊದೆಸಿದವನು ಯಾರು, ಹೊದ್ದುಕೊಂಡು ಮೈಕಿಗೇ ಸಾರಿ ಹೇಳಿದವನು ಯಾರು?